ಒಂದು ಶಿಮ್ ಕಡಿಮೆ

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೊದಲ ಅರ್ಹತಾ ಸುತ್ತು. ಆರೂಮುಕ್ಕಾಲಿಗೆ ನಾನು ರಿಪೇರಿಯ ಜಾಗವಾದ ಪಿಟ್ಟಿನಲ್ಲಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಉಪಕರಣಗಳನ್ನು ಬಳಸುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸಿ ಮುಗಿಸಿದ್ದೆ. ಏಳಕ್ಕೆ ಕಾರು ಮೇಜಿನ ಮೇಲಿತ್ತು. ಏಳೂ ಹತ್ತಕ್ಕೆ ಡಾಕ್ಟರಮ್ಮ ಬಂದರು.

"ಫೋರ್ಮನ್ ಸಾಹೇಬ್ರ, ರಾತ್ರಿ ಇಲ್ಲೇ ಮಲಗಿದ್ರೇನು?"

"ನಾ ಐದೂವರಿಗೆ ಮನಿ ಬಿಟ್ಟೀನಿ. ನೀವು ಹತ್ತು ನಿಮಿಷ ಲೇಟ್."

"ಎಮ್ಮಿ ಈಯೂವಾಗ ನಿಮ್ಮ ಟೈಮ್‌ಟೇಬಲ್ ಕೇಳಂಗಿಲ್ರಿ," ಎಂದು ಅವರು ರಿಮೋಟನ್ನು ಚೀಲದಿಂದ ತೆಗೆದರು.

ಡಾಕ್ಟರಮ್ಮ ಕಂಪ್ಲಿಯಲ್ಲಿ ಪಶುವೈದ್ಯೆ. ನಮ್ಮ ಕಾರಿನ ಚಾಲಕಿ. ಇಂಧನ ತುಂಬುವುದು ನನ್ನ ಗೆಳೆಯ, ಕಮಲಾಪುರದಲ್ಲಿ ಬಾಳೆ ಬೆಳೆಯುವವನು. ಮೆಕ್ಯಾನಿಕ್ ನಾನು. ಸಂಡೂರಿನ ಅದಿರು ಗಣಿಯ ವರ್ಕ್‌ಶಾಪಿನಲ್ಲಿ ಫೋರ್ಮನ್ ಆಗಿ ಡಂಪರ್ ಲಾರಿಗಳನ್ನು ಬಿಚ್ಚಿ ಕಟ್ಟಿದ ಕೈ ಇದು. ನಿವೃತ್ತಿಯಾದ ಮೇಲೆ ಒಂದೂವರೆ ಅಡಿ ಉದ್ದದ ರಿಮೋಟ್ ಕಾರಿಗೆ ಇಳಿದಿದೆ.

ಆಟಿಕೆ ಎಂದುಕೊಳ್ಳಬೇಡಿ. ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಎಂಜಿನ್ ಅದು. ಓಡುವಾಗ ಪಕ್ಕದಲ್ಲಿ ನಿಂತವರ ಮಾತು ಕೇಳುವುದಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಪಕ್ಕ, ಬಳಕೆ ನಿಂತ ಅದಿರಿನ ಸ್ಟಾಕ್‌ಯಾರ್ಡಿನಲ್ಲಿ ದಿಬ್ಬ, ತಿರುವು, ಜಿಗಿತಗಳನ್ನು ಕಟ್ಟಿ ಓಟದ ಹಾದಿ ಮಾಡಿದ್ದರು. ನೆಲವೆಲ್ಲ ಕೆಂಪು ಧೂಳು. ಭಾನುವಾರದ ಅರ್ಧ ಗಂಟೆಯ ಫೈನಲ್‌ನಲ್ಲಿ ಮೊದಲ ಮೂರು ಸ್ಥಾನ ಪಡೆದವರು ರಾಜ್ಯಮಟ್ಟದ ಸ್ಪರ್ಧೆಗೆ ಹೋಗುತ್ತಾರೆ. ಡಾಕ್ಟರಮ್ಮ ಮೂರು ವರ್ಷದಿಂದ ಓಡಿಸುತ್ತಿದ್ದರೂ ಒಂದು ಫೈನಲ್ಲನ್ನೂ ಮುಗಿಸಿರಲಿಲ್ಲ. ಒಂದು ಸಲ ಇಂಧನದ ಕೊಳವೆ ಕಿತ್ತುಬಂದಿತ್ತು, ಒಂದು ಸಲ ಗೇರಿನ ಹಲ್ಲು ಹೋಗಿತ್ತು. ಈ ಸಲ ಹೊಸ ಎಂಜಿನ್, ಹೊಸ ಕ್ಲಚ್. ಎರಡನ್ನೂ ಕೂಡಿಸಿದ್ದು ನಾನು. ಇನ್ನು ಕಾರು ಕೈಕೊಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಕ್ಲಚ್ಚಿನ ವಿಷಯ ಸ್ವಲ್ಪ ಹೇಳಬೇಕು. ಎಂಜಿನ್ ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎಂಬ ದಂಡದ ತುದಿಯಲ್ಲಿ ಫ್ಲೈವೀಲ್ ಎಂಬ ಗಾಲಿ ಇದೆ. ಅದರ ಮೇಲೆ ಮೂರು ಪುಟ್ಟ ಶೂಗಳು. ಇವುಗಳನ್ನು ಮುಚ್ಚಿಕೊಂಡು ಗಂಟೆಯಾಕಾರದ ಉಕ್ಕಿನ ಬಟ್ಟಲೊಂದು ಎರಡು ಬೇರಿಂಗುಗಳ ಮೇಲೆ ತಿರುಗುತ್ತದೆ. ಇದಕ್ಕೆ ಬೆಲ್ ಎನ್ನುತ್ತಾರೆ. ಎಂಜಿನ್ ನಿಧಾನವಾಗಿದ್ದಾಗ ಶೂಗಳು ಒಳಗೆ ಮಡಚಿಕೊಂಡಿರುತ್ತವೆ, ಬೆಲ್ ಸುಮ್ಮನಿರುತ್ತದೆ, ಚಕ್ರವೂ ಸುಮ್ಮನಿರುತ್ತದೆ. ವೇಗ ಏರಿದಾಗ ಶೂಗಳು ಹೊರಚಾಚಿ ಬೆಲ್ಲನ್ನು ಹಿಡಿಯುತ್ತವೆ, ಕಾರು ಹಾರುತ್ತದೆ. ಬೆಲ್ ತನ್ನ ಜಾಗದಲ್ಲಿ ಹಿಂದೆ ಮುಂದೆ ಕೂದಲೆಳೆಯಷ್ಟು ಆಡುವಂತಿರಬೇಕು. ಆ ಸಂದನ್ನು ನಿಗದಿ ಮಾಡುವುದು ಶಿಮ್. ಕಿರುಬೆರಳಿನ ಉಗುರಿಗಿಂತ ಚಿಕ್ಕದಾದ, ಕಾಗದದಷ್ಟು ತೆಳುವಾದ ಉಕ್ಕಿನ ಉಂಗುರ. ಒಂದು ಹೆಚ್ಚಾದರೆ ಬೆಲ್ ಬಿಗಿಯುತ್ತದೆ, ಒಂದು ಕಡಿಮೆಯಾದರೆ ಬಡಿದಾಡುತ್ತದೆ.

ನಾನು ಅಳೆದಿದ್ದು ಡಯಲ್ ಗೇಜಿನಲ್ಲಿ. ಅದರ ಒಂದು ಗೆರೆಯೆಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ಕಾರಿನ ಚಾಸಿ ಅಲ್ಯೂಮಿನಿಯಂ, ಅದಕ್ಕೆ ಗೇಜಿನ ಅಯಸ್ಕಾಂತದ ಪಾದ ಅಂಟುವುದಿಲ್ಲ. ದಪ್ಪ ಉಕ್ಕಿನ ತಟ್ಟೆಯೊಂದನ್ನು ತರಿಸಿ, ಕಾರನ್ನು ಅದಕ್ಕೆ ಕ್ಲಾಂಪ್‌ಗಳಿಂದ ಬಿಗಿದು, ಅದೇ ತಟ್ಟೆಯ ಮೇಲೆ ಗೇಜನ್ನು ಕೂರಿಸಿದ್ದೆ. ಡಂಪರ್‌ನಲ್ಲೂ ಹೀಗೆಯೇ: ಗೇಜಿನ ಪಾದ ಚೌಕಟ್ಟಿನ ಮೇಲೆ, ಮುಳ್ಳು ಅಳೆಯಬೇಕಾದ ಭಾಗದ ಮೇಲೆ. ಬೆಲ್ಲನ್ನು ಒಳಗೆ ಒತ್ತಿದೆ, ಹೊರಗೆ ಎಳೆದೆ. ಹದಿನಾರು ಗೆರೆ. ಕೈಪಿಡಿ ಕೇಳುವುದು ಹದಿನೈದರಿಂದ ಇಪ್ಪತ್ತು. ಮೂರು ಸಲ ಅಳೆದು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ.

ಎಂಟಕ್ಕೆ ಸರಿಯಾಗಿ ಸೀಟಿ ಊದಿದರು. ಮೊದಲ ನಾಲ್ಕು ನಿಮಿಷ ಎಲ್ಲ ಸರಿಯಿತ್ತು. ಕಾರು ದಿಬ್ಬದ ಮೇಲಿಂದ ಜಿಗಿದು ನಾಲ್ಕೂ ಚಕ್ರದ ಮೇಲೆ ಒಟ್ಟಿಗೆ ಇಳಿಯುತ್ತಿತ್ತು. ಸುತ್ತು ಎಣಿಸುವವನು ನಮ್ಮನ್ನು ಮೂರನೆಯವರೆಂದು ಕೂಗಿದ. ಐದನೇ ನಿಮಿಷ. ದೂರದ ಮೂಲೆಯಲ್ಲಿ ಪೂರ್ತಿ ಹಿಂದಿರುಗುವ ಕಡಿದಾದ ತಿರುವೊಂದಿದೆ. ಡಾಕ್ಟರಮ್ಮ ಅಲ್ಲಿ ಬ್ರೇಕ್ ಹಿಡಿದರು. ಎಂಜಿನ್ ಆರಿತು.

ಕಾರು ತಂದು ಬಿಚ್ಚಿದೆ. ಒಳಗಿನ ಬೇರಿಂಗ್ ಸುಟ್ಟು ನೀಲಿಯಾಗಿತ್ತು. ಧೂಳು ಹೊಕ್ಕಿದೆ ಎಂದು ತೀರ್ಮಾನಿಸಿದೆ. ಎರಡೂ ಬೇರಿಂಗ್ ಬದಲಿಸಿದೆ, ಬ್ರಷ್‌ನಿಂದ ಧೂಳೆಲ್ಲ ತೆಗೆದೆ, ಮತ್ತೆ ತಟ್ಟೆಗೆ ಬಿಗಿದು ಅಳೆದೆ. ಹದಿನಾರು.

ಎರಡನೇ ಸುತ್ತಿನಲ್ಲಿ ಹೊರಡುವ ಗೆರೆಯ ಮೇಲೆಯೇ ತೊಂದರೆ ಕಂಡಿತು. ಆಕ್ಸಿಲರೇಟರ್ ಮುಟ್ಟದಿದ್ದರೂ ಕಾರು ತೆವಳುತ್ತಿತ್ತು. ಬಾಳೆತೋಟದವನು ಎರಡೂ ಕೈಯಿಂದ ಅದನ್ನು ಹಿಡಿದು ನಿಂತಿದ್ದ. "ಲೇ, ಇದು ಹುಲ್ಲು ಕಂಡ ಹೋರಿ ಹಂಗ ಜಗ್ತೈತಲ್ಲೋ!" ಎಂದ. ಆರನೇ ನಿಮಿಷ, ಅದೇ ತಿರುವು, ಅದೇ ಬ್ರೇಕ್. ಎಂಜಿನ್ ಆರಿತು.

ಪಕ್ಕದ ಪಿಟ್ಟಿನಲ್ಲಿ ಹಸಿರು ಕಾರಿನವನಿದ್ದ. ಹೊಸಪೇಟೆಯವನು, ಹಳೆಯ ಕೈ, ಎರಡು ಸಲ ಇದೇ ಸ್ಪರ್ಧೆ ಗೆದ್ದವನು. ಎಲ್ಲರಿಗೂ ಕೇಳುವಂತೆ ಹೇಳಿದ: "ಡಾಕ್ಟರ್ ಬಾಯಾರ, ಎಮ್ಮಿ ಮೂಗುದಾರ ಜಗ್ಗಿದಂಗ ಬ್ರೇಕ್ ಹಿಡದ್ರ ಎಂಜಿನ್ ಇನ್ನೇನ್ ಮಾಡೀತು?"

ನಾಲ್ಕು ಜನ ನಕ್ಕರು. ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಆಗ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು.

"ಅಂವ ಹೇಳೂದರಾಗ ತಪ್ಪಿಲ್ರಿ. ಬ್ರೇಕ್ ಮೆತ್ತಗ ಹಿಡೀರಿ. ನನ್ನ ಗೇಜ್ ಸುಳ್ಳು ಹೇಳಂಗಿಲ್ಲ."

ಅವರು ರಿಮೋಟಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸುತ್ತ ಕುಳಿತರು.

ಮೂರನೇ ಸುತ್ತಿಗೆ ಮುಂಚೆ ಶೂಗಳ ಸ್ಪ್ರಿಂಗ್ ಬದಲಿಸಿದೆ. ಸ್ಪ್ರಿಂಗ್ ಸೋತರೆ ಶೂ ಮಡಚಿಕೊಳ್ಳದೆ ಬೆಲ್ಲನ್ನು ಉಜ್ಜುತ್ತದೆ, ಕಾರು ತೆವಳುತ್ತದೆ ಎಂಬುದು ನನ್ನ ಲೆಕ್ಕ. ಡಾಕ್ಟರಮ್ಮ ಎಲ್ಲೂ ಬ್ರೇಕ್ ಹಿಡಿಯಲಿಲ್ಲ. ತಿರುವಿಗೆ ಹತ್ತು ಮಾರು ದೂರವಿರುವಾಗಲೇ ವೇಗ ಇಳಿಸಿ, ಎಂಜಿನ್ ಆರದಷ್ಟು ಆಕ್ಸಿಲರೇಟರ್ ಒತ್ತಿಕೊಂಡು, ಗಾಡಿ ಎತ್ತು ಹೊಡೆದ ಹಾಗೆ ಓಡಿಸಿದರು. ಕಾರು ಸುತ್ತಿನ ಏಳೂ ನಿಮಿಷವನ್ನು ಮುಗಿಸಿತು. ಫೈನಲ್‌ಗೆ ಹತ್ತು ಕಾರು, ನಮ್ಮದು ಹತ್ತನೆಯದು.

"ನೋಡಿದ್ರೇನು, ಮೆತ್ತಗ ಹಿಡದ್ರ ಬರ್ತೈತಿ," ಎಂದೆ.

"ಬರ್ತೈತಿ. ಹತ್ತನೇದಾಗಿ ಬರ್ತೈತಿ," ಎಂದರು ಅವರು. ಅಷ್ಟೇ ಹೇಳಿ ಕಂಪ್ಲಿ ಬಸ್ಸಿಗೆ ಹೋದರು.

ಭಾನುವಾರ ಒಂಬತ್ತಕ್ಕೆ ಐದು ನಿಮಿಷದ ಅಭ್ಯಾಸ. ಸ್ಪ್ರಿಂಗ್ ಹೊಸದು, ಬೇರಿಂಗ್ ಹೊಸದು, ಆದರೂ ಕಾರು ತೆವಳಿತು. ಬಿಚ್ಚಿ ನೋಡಿದರೆ ಒಳಗಿನ ಬೇರಿಂಗ್ ಮತ್ತೆ ನೀಲಿ. ಬೇರೇನೂ ತೋಚದೆ ಬೇರಿಂಗ್ ಬದಲಿಸಿ ಅಳೆದೆ. ಹದಿನಾರು. ಬರೆದೆ, ಸಹಿ ಹಾಕಿದೆ. ಫೈನಲ್ ಹನ್ನೊಂದಕ್ಕೆ. ಹತ್ತೂ ಐವತ್ತರೊಳಗೆ ಕಾರು ತಪಾಸಣೆಯ ಮೇಜಿನ ಮೇಲಿರಬೇಕು. ನಾನು ಹತ್ತೂ ಕಾಲಿಗೇ ಒಪ್ಪಿಸಿ ಬಂದೆ. ಕಡೆಯ ಗಳಿಗೆಗೆ ಕೆಲಸ ಉಳಿಸಿಕೊಂಡು ನನಗೆ ಅಭ್ಯಾಸವಿಲ್ಲ.

ಸುತ್ತು ಎಣಿಸುವ ಚಿಪ್ಪನ್ನು ಕಾರಿಗೆ ಸಿಕ್ಕಿಸುವುದು ಚಾಲಕರ ಕೆಲಸ. ಡಾಕ್ಟರಮ್ಮ ಅದಕ್ಕೆ ಹೋದವರು ಹತ್ತೂ ಇಪ್ಪತ್ತೈದಕ್ಕೆ ಬಿರಬಿರನೆ ಬಂದರು.

"ಸಾಹೇಬ್ರ, ಬೆಲ್ ಹಿಡದು ಅಲ್ಲಾಡಿಸಿದೆ. ಎರಡು ಸಲ ಟಕ್ ಅಂತೈತಿ."

"ತಪಾಸಣೆ ಮೇಜಿನ ಮ್ಯಾಲ ಕಾರು ಮುಟ್ಟಬಾರದು."

"ಆ ಅಧಿಕಾರಿನೂ ಅದನ್ನೇ ಬೈದ್ರು. ಬಿಡ್ರಿ. ಎರಡು ಸಲ ಟಕ್ ಅಂತೈತಿ ಅಂದೆ, ಕೇಳಿದ್ರೇನು? ಮೊದ್ಲು ಒಂದು ಸಣ್ಣದು. ಆಮ್ಯಾಲ ಒಂದು ದೊಡ್ಡದು. ಆಡೂದು ಒಂದು ಕೀಲಲ್ರಿ, ಎರಡು."

"ಒಂದೇ ಬೆಲ್, ಎರಡು ಕೀಲು ಎಲ್ಲಿಂದ ಬಂತು?"

"ಅದನ್ನ ನೀವು ಹೇಳಬೇಕು. ಎಮ್ಮಿ ಹಿಂಗಾಲು ಕುಂಟತೈತಿ ಅಂದ್ರ ಗೊರಸು ಹಿಡದು ಜಗ್ಗಿದ್ರ ಎಲ್ಲಾ ಕೀಲೂ ಒಮ್ಮೆಲೇ ಆಡ್ತಾವು, ಏನೂ ತಿಳಿಯಂಗಿಲ್ಲ. ಮ್ಯಾಲಿನ ಎಲುಬು ಬಿಗಿ ಹಿಡದು ಕೆಳಗಿಂದಷ್ಟ ಆಡಸಬೇಕು. ನೀವು ಅಳಿಯೂವಾಗ ಮ್ಯಾಲಿಂದು ಹಿಡೀತೀರೇನು?"

ನಾನು ಹಿಡಿಯುತ್ತಿರಲಿಲ್ಲ.

ಡಬ್ಬಿಯಲ್ಲಿ ಇದೇ ಮಾದರಿಯ ಹಳೆಯ ಎಂಜಿನ್ ಇತ್ತು. ಅದನ್ನು ತಟ್ಟೆಗೆ ಬಿಗಿದು, ಗೇಜಿನ ಮುಳ್ಳನ್ನು ನೇರವಾಗಿ ಕ್ರ್ಯಾಂಕ್ ಶಾಫ್ಟಿನ ತುದಿಗೆ ಇಟ್ಟೆ. ಒತ್ತಿದೆ, ಎಳೆದೆ. ಹನ್ನೊಂದು ಗೆರೆ. ಕ್ರ್ಯಾಂಕ್ ಶಾಫ್ಟ್ ತಾನೇ ಹಿಂದೆ ಮುಂದೆ ಆಡುತ್ತಿತ್ತು. ಈ ಪುಟ್ಟ ಎಂಜಿನ್ನುಗಳನ್ನು ಹಾಗೆಯೇ ಮಾಡಿರುತ್ತಾರೆ. ನಾನು ಬೆಲ್ಲನ್ನು ಎಳೆದಾಗಲೆಲ್ಲ ಬೆಲ್ಲಿನ ಜೊತೆ ಶಾಫ್ಟೂ ಬರುತ್ತಿತ್ತು. ನನ್ನ ಗೇಜಿನ ಪಾದ ಹೊರಗಿನ ತಟ್ಟೆಯ ಮೇಲೆ; ಅದು ಎರಡನ್ನೂ ಕೂಡಿಸಿ ಹದಿನಾರು ತೋರಿಸುತ್ತಿತ್ತು. ಹದಿನಾರರಲ್ಲಿ ಹನ್ನೊಂದು ಶಾಫ್ಟಿನದು. ಬೆಲ್ಲಿಗೆ ಉಳಿದದ್ದು ಐದು ಗೆರೆ. ಬೇಕಾದದ್ದರ ಮೂರನೇ ಒಂದು ಪಾಲು.

ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಐದು ನಿಮಿಷ ಓಡಿದರೆ ಬೆಲ್ ಕಾಯ್ದು ಹಿಗ್ಗುತ್ತದೆ, ಅದಿರಿನ ಧೂಳು ಸೇರುತ್ತದೆ, ಆ ಐದು ಗೆರೆ ಮುಗಿದುಹೋಗುತ್ತದೆ. ಬಿಗಿದ ಬೇರಿಂಗ್ ಸುಟ್ಟು ನೀಲಿಯಾಗುತ್ತದೆ. ಶೂ ಮಡಚಿದ್ದರೂ ಬೆಲ್ ಶಾಫ್ಟಿನ ಜೊತೆಗೇ ತಿರುಗುತ್ತದೆ, ಕಾರು ತೆವಳುತ್ತದೆ. ಬ್ರೇಕ್ ಹಿಡಿದರೆ ಚಕ್ರ ನಿಲ್ಲುತ್ತದೆ, ಚಕ್ರ ಬೆಲ್ಲನ್ನು ನಿಲ್ಲಿಸುತ್ತದೆ, ಬಿಗಿದ ಬೆಲ್ ಎಂಜಿನ್ನಿನ ಕುತ್ತಿಗೆ ಹಿಡಿಯುತ್ತದೆ. ಬ್ರೇಕನ್ನು ಎಷ್ಟು ಮೆತ್ತಗೆ ಹಿಡಿದರೂ ಇಂದಲ್ಲ ನಾಳೆ ಅದು ಆರಲೇಬೇಕು. ಡಂಪರಿನ ಎಂಜಿನ್ ಒಂದು ಕೋಣೆಯಷ್ಟಿರುತ್ತದೆ, ಅದನ್ನು ಅಳೆಯುವಾಗ ಶಾಫ್ಟ್ ಕೈಗೆ ಆಡುವುದಿಲ್ಲ. ಅಲ್ಲಿಯ ಪದ್ಧತಿಯನ್ನು ಹಾಗೆಯೇ ಎತ್ತಿ ತಂದು ಇಲ್ಲಿಟ್ಟಿದ್ದೆ. ಪ್ರತಿ ಸಲವೂ ಹದಿನಾರು ಎಂದು ಬರೆದು ಸಹಿ ಹಾಕಿದ್ದೆ.

ಬಾಳೆತೋಟದವನು ಗಡಿಯಾರ ನೋಡಿದ. ಹತ್ತೂ ಮೂವತ್ತೊಂದು.

ನಿಯಮ ಹೀಗಿತ್ತು: ತಪಾಸಣೆಯ ಮೇಜಿನಿಂದ ವಾಪಸ್ ಪಡೆದ ಕಾರು ಗೆರೆಯಿಂದ ಹೊರಡುವಂತಿಲ್ಲ, ಉಳಿದ ಎಲ್ಲ ಕಾರುಗಳು ಹೋದ ಮೇಲೆ ಪಿಟ್ಟಿನಿಂದ ಹೊರಡಬೇಕು. ಹತ್ತೂ ಐವತ್ತಕ್ಕೆ ಮೇಜಿಗೆ ಮರಳದಿದ್ದರೆ ಓಟವೇ ಇಲ್ಲ. ಹಾಗೆಯೇ ಬಿಟ್ಟರೆ ಡಾಕ್ಟರಮ್ಮ ನಿನ್ನೆಯ ಹಾಗೆ ಮೆಲ್ಲಗೆ ಓಡಿಸಿ ಮುಗಿಸಬಹುದು, ಆದರೆ ಮೂರನೆಯವರಾಗಲಾರರು. ಬಿಚ್ಚಿದರೆ ಕೈಯಲ್ಲಿರುವುದು ಹತ್ತೊಂಬತ್ತೇ ನಿಮಿಷ, ಒಂದು ಸ್ಕ್ರೂ ಕೈತಪ್ಪಿದರೂ ಎಲ್ಲ ಮುಗಿಯಿತು. ತಪಾಸಣೆ ಮುಗಿದು ಸಹಿ ಬಿದ್ದ ಯಂತ್ರವನ್ನು ನಾನು ಯಾವತ್ತೂ ಮತ್ತೆ ತೆರೆದವನಲ್ಲ.

"ಎಲ್ಲಾರಿಗಿಂತ ಕಡೀಕ ಬಿಡ್ತಾರಂತ," ಎಂದ ಬಾಳೆತೋಟದವನು.

"ಹೆಂಗೂ ಹತ್ತನೇದಾಗಿ ಅದೀವಲ್ಲೋ, ಅದಕ್ಕಿಂತ ಕಡೀಕ ಜಾಗ ಎಲ್ಲೈತಿ?" ಎಂದರು ಡಾಕ್ಟರಮ್ಮ. ನಂತರ ನನ್ನ ಕಡೆ ತಿರುಗಿದರು. "ಆಗತೈತೇನ್ರಿ?"

"ಆಗತೈತಿ."

ಓಡಿದೆ. ಈ ವಯಸ್ಸಿನಲ್ಲಿ ಓಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ತಪಾಸಣಾಧಿಕಾರಿ ಒಂದು ನಮೂನೆ ಕೊಟ್ಟರು. ಕೊನೆಯ ಸಾಲು: ವಾಪಸ್ ಪಡೆಯಲು ಕಾರಣ. "ಏನಾರ ಬರೀರಿ, ನಡೀತೈತಿ," ಎಂದರು. ನಾನು ಬರೆದೆ: ಕ್ಲಚ್ ಸಂದಿನ ಅಳತೆಯಲ್ಲಿ ಮೆಕ್ಯಾನಿಕ್‌ನ ತಪ್ಪು, ನಿನ್ನೆ ಎಂಜಿನ್ ಆರಿದ್ದಕ್ಕೂ ಇದೇ ಕಾರಣ, ಚಾಲಕಿಯ ಬ್ರೇಕ್ ಅಲ್ಲ. ಅಧಿಕಾರಿ ಅದನ್ನು ಓದಿ, ಅವರಾಗಿಯೇ ಗಟ್ಟಿಯಾಗಿ ಇನ್ನೊಮ್ಮೆ ಓದಿದರು. ಹಸಿರು ಕಾರಿನವನು ಅಲ್ಲೇ ತನ್ನ ಚಿಪ್ ಸಿಕ್ಕಿಸುತ್ತಿದ್ದ. ಅವನು ತಲೆಯೆತ್ತಲಿಲ್ಲ.

ಹತ್ತೂ ಮೂವತ್ನಾಲ್ಕು. ಕೆಳಗಿನಿಂದ ನಾಲ್ಕು ಸ್ಕ್ರೂ ಬಿಚ್ಚಿ ಎಂಜಿನ್ ಹೊರತೆಗೆದೆ. ಡಾಕ್ಟರಮ್ಮ ಫ್ಲೈವೀಲನ್ನು ಹಿಡಿದರು, ನಾನು ತುದಿಯ ಸ್ಕ್ರೂ ತಿರುಗಿಸಿದೆ. ವಾಷರ್ ಬಂತು. ಅದರ ಹಿಂದಿದ್ದ ಶಿಮ್‌ಗಳನ್ನು ಬಿಳಿ ಬಟ್ಟೆಯ ಮೇಲೆ ಇಳಿಸಿದೆ. ಒಳಬದಿಯ ಶಿಮ್ ಮುಟ್ಟುವಂತಿರಲಿಲ್ಲ. ಅದನ್ನು ತೆಗೆದರೆ ಬೆಲ್ ಹಿಂದೆ ಸರಿದು ಫ್ಲೈವೀಲನ್ನು ಉಜ್ಜುತ್ತದೆ. ಹೊರಬದಿಯಿಂದ ಹತ್ತು ಗೆರೆ ದಪ್ಪದ ಒಂದೇ ಒಂದು ಶಿಮ್ ಕಡಿಮೆಯಾಗಬೇಕು. ಐದಕ್ಕೆ ಹತ್ತು ಸೇರಿ ಹದಿನೈದಾಗಬೇಕು.

ಒಂದನ್ನು ಚಿಮಟಿಗೆಯಿಂದ ಎತ್ತಿಟ್ಟೆ. ಕೈ ಬೆಲ್ಲಿನ ಕಡೆ ಹೋಗಿತ್ತು, ತಡೆದೆ. ಎತ್ತಿಟ್ಟಿದ್ದನ್ನು ದಪ್ಪ ಅಳೆಯುವ ಮೈಕ್ರೋಮೀಟರಿಗೆ ಕೊಟ್ಟೆ. ಇಪ್ಪತ್ತು ಗೆರೆ! ಎಣ್ಣೆಯ ಪದರಕ್ಕೆ ಎರಡು ಶಿಮ್ ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ಲೇಡಿನ ಅಂಚಿನಿಂದ ಬಿಡಿಸಲು ಹೋದರೆ ಅಂಚು ಎರಡು ಸಲ ಜಾರಿತು.

"ತರ್ರಿ ಇಲ್ಲೆ," ಎಂದು ಡಾಕ್ಟರಮ್ಮ ಬ್ಲೇಡ್ ತೆಗೆದುಕೊಂಡರು. ಒಂದೇ ಸಲಕ್ಕೆ ಬೇರೆ ಮಾಡಿದರು. ಒಂದನ್ನು ವಾಪಸ್ ಹಾಕಿದೆ, ಒಂದನ್ನು ಹೊರಗಿಟ್ಟೆ.

ಹತ್ತೂ ನಲವತ್ತೊಂದು. ಸ್ಕ್ರೂ ಬಿಗಿದೆ. ಗೇಜು, ತಟ್ಟೆ, ಕ್ಲಾಂಪ್‌ಗಳಿಗೆ ಸಮಯವಿರಲಿಲ್ಲ. ಡಾಕ್ಟರಮ್ಮ ಫ್ಲೈವೀಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಬಿಗಿಹಿಡಿದರು. ನಾನು ಬೆಲ್ ಹಿಡಿದು ಎಳೆದೆ. ಒಂದೇ ಟಕ್. ನಂತರ ನಾನು ಹಿಡಿದೆ, ಅವರು ಎಳೆದು ನೋಡಿದರು.

"ಹಾಂ," ಎಂದರು. "ಈಗ ನೆಟ್ಟಗೈತಿ."

ಎಂಜಿನ್ ಕೂರಿಸಿದೆ. ಸಂದು ಉಳಿಯಲೆಂದು ಗೇರುಗಳ ನಡುವೆ ಅಳತೆಯ ಪುಸ್ತಕದ ಹಾಳೆಯ ಒಂದು ಪಟ್ಟಿ ಸೇರಿಸಿ, ಹಲ್ಲುಗಳನ್ನು ಅದರ ಮೇಲೆ ಒತ್ತಿ, ನಾಲ್ಕು ಸ್ಕ್ರೂ ಬಿಗಿದು, ಹಾಳೆ ಎಳೆದುಹಾಕಿದೆ. ಆ ಪಟ್ಟಿಯಲ್ಲಿ ನನ್ನ ಹದಿನಾರುಗಳ ಪೈಕಿ ಎರಡು ಇದ್ದವು. ಹತ್ತೂ ನಲವತ್ತೊಂಬತ್ತಕ್ಕೆ ಬಾಳೆತೋಟದವನು ಕಾರನ್ನು ಮೇಜಿನ ಮೇಲಿಟ್ಟ.

ಹನ್ನೊಂದಕ್ಕೆ ಒಂಬತ್ತು ಕಾರು ಒಟ್ಟಿಗೆ ಹೊರಟವು. ಅವುಗಳ ಕೆಂಪು ಧೂಳು ನಮ್ಮ ಮೇಲೆ ಬಂದು ಕೂತ ಮೇಲೆ ನಮ್ಮನ್ನು ಬಿಟ್ಟರು. ಡಾಕ್ಟರಮ್ಮ ಚಾಲಕರ ಕಟ್ಟೆಯ ಮೇಲೆ ಕಡೆಯ ಜಾಗದಲ್ಲಿ ನಿಂತಿದ್ದರು. ಮೊದಲ ಸುತ್ತಿನಲ್ಲೇ ಆ ದೂರದ ತಿರುವಿನಲ್ಲಿ ಪೂರ್ತಿ ಬ್ರೇಕ್ ಹಿಡಿದರು. ನಾನು ಕಣ್ಣು ಮುಚ್ಚಲಿಲ್ಲ. ಕಾರು ನಿಂತಂತಾಗಿ, ತಿರುಗಿ, ಕೂಗುತ್ತ ಹಾರಿತು.

ಐದನೇ ನಿಮಿಷ ಕಳೆಯಿತು. ಆರು. ಏಳಕ್ಕೆ ಇಂಧನಕ್ಕೆ ಬಂತು. ಬಾಳೆತೋಟದವನು ಎರಡು ಉಸಿರಿನಲ್ಲಿ ತುಂಬಿಸಿ ನೆಲಕ್ಕೆ ಬಿಟ್ಟ. "ಜಗ್ಗವಲ್ದು! ಕೈಯಾಗ ಮಸ್ತ್ ಸುಮ್ನ ಕುಂತಿತ್ತು!" ಎಂದು ಕುಣಿದ. ನಾನು ಸುತ್ತು ಎಣಿಸುತ್ತಿದ್ದೆ. ಹತ್ತನೇ ನಿಮಿಷಕ್ಕೆ ಎಂಟನೆಯವರು. ಒಂದು ಕಾರಿನ ಎಂಜಿನ್ ಆರಿತು, ಇನ್ನೊಂದು ಜಿಗಿತದಲ್ಲಿ ಮಗುಚಿತು. ಇಪ್ಪತ್ತಕ್ಕೆ ಐದನೆಯವರು. ಇಪ್ಪತ್ತೇಳಕ್ಕೆ ನಾಲ್ಕು. ಮುಂದೆ ಹಸಿರು ಕಾರು.

ಅವನು ಕೈ ಪಳಗಿದವನು, ಒಳಬದಿ ಬಿಡುತ್ತಿರಲಿಲ್ಲ. ಎರಡು ಸುತ್ತು ಎರಡೂ ಕಾರು ಅಂಟಿಕೊಂಡೇ ಓಡಿದವು. ಕಡೆಯ ಸುತ್ತಿನ ಗಂಟೆ ಬಾರಿಸಿದರು. ದೂರದ ತಿರುವಿಗೆ ಎರಡೂ ಒಟ್ಟಿಗೆ ಬಂದವು. ಅವನು ಬ್ರೇಕ್ ಹಿಡಿದ. ಡಾಕ್ಟರಮ್ಮ ಹಿಡಿಯಲಿಲ್ಲ. ಇನ್ನೂ ಹಿಡಿಯಲಿಲ್ಲ. ಹೋಯಿತು, ಕಾರು ನೇರ ಟೈರುಗಳ ಗೋಡೆಗೆ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಒಮ್ಮೆಲೇ ಹಿಡಿದರು. ನಾಲ್ಕೂ ಚಕ್ರ ನಿಂತು ಕಾರು ಒಳಬದಿಗೆ ಹೊರಳಿತು. ಎಂಜಿನ್ನಿನ ಸದ್ದು ಇಳಿಯಿತು, ಪಿಸುಮಾತಿನಷ್ಟಾಯಿತು, ಆರಲಿಲ್ಲ. ಮುಂದಿನ ಕ್ಷಣ ಅದು ಹಸಿರು ಕಾರಿನ ಮುಂದಿತ್ತು. ಹಾಗೆಯೇ ಗೆರೆ ದಾಟಿತು.

ಮೂರನೆಯವರು. ನಾನು ಕೂಗಿದೆನಂತೆ. ಬಾಳೆತೋಟದವನು ಈಗಲೂ ಅದನ್ನು ಅಭಿನಯಿಸಿ ತೋರಿಸುತ್ತಾನೆ.

ಅವನು ಕಾರನ್ನು ಎತ್ತಿ ತಂದು ನನ್ನ ಕೈಗಿಟ್ಟ. ಎಂಜಿನ್ ಇನ್ನೂ ಓಡುತ್ತಿತ್ತು. ಡಾಕ್ಟರಮ್ಮ ಕಟ್ಟೆಯಿಂದ ಇಳಿದು ಬಂದರು. ಮುಖದ ತುಂಬ ಕೆಂಪು ಧೂಳು, ಅದರಲ್ಲಿ ಬೆವರಿನ ಗೆರೆಗಳು.

"ಬ್ರೇಕ್ ಭಾಳ ಜೋರ ಹಿಡದ್ನೇನ್ರಿ, ಸಾಹೇಬ್ರ?"

"ಇನ್ನೂ ಜೋರ ಹಿಡೀಬಹುದಿತ್ತು."

ಅವರು ನಕ್ಕರು. ತಪಾಸಣಾಧಿಕಾರಿ ಮೇಜಿನಿಂದಲೇ ಕೈ ಬೀಸಿ ಎಂಜಿನ್ ಆರಿಸಿ ತರಲು ಹೇಳುತ್ತಿದ್ದರು. ನಾನು ಕಾರನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದೆ. ಅರ್ಧ ಗಂಟೆ ಕಾಯ್ದ ಎಂಜಿನ್ ಒಂದೇ ಹದದಲ್ಲಿ ಗುನುಗುತ್ತಿತ್ತು, ನಾಲ್ಕೂ ಚಕ್ರ ಗಾಳಿಯಲ್ಲಿ ಅಲುಗದೆ ನಿಂತಿದ್ದವು. ಟ್ಯಾಂಕಿನಲ್ಲಿ ಉಳಿದಿದ್ದಷ್ಟು ಇಂಧನ ತಾನಾಗಿ ಮುಗಿಯುವವರೆಗೂ ನಾನು ಅದನ್ನು ಆರಿಸಲಿಲ್ಲ.